ಚೌಡನ ಅಂಗಳದ ಸಿಮೆಂಟು ಬಂಡೆ

ಸಿರಸಿಯ ಮಕ್ಬೂಲ್ ಮೇಸ್ತ್ರಿಗೆ ಘಟ್ಟದ ತಿರುವು ಬಂತೆಂದರೆ ವಾಂತಿ. ಬೇರೆ ಮನೆಯಲ್ಲಾಗಿದ್ದರೆ ಇದು ಯಾರೂ ಹೇಳಿಕೊಳ್ಳುವಂಥ ಸಂಗತಿಯೇ ಅಲ್ಲ. ಆದರೆ ಅವನ ಅಪ್ಪ ಲಾರಿ ಡ್ರೈವರು, ಇಬ್ಬರು ಅಣ್ಣಂದಿರು ಲಾರಿ ಡ್ರೈವರು, ಸೋದರಮಾವ ಯಲ್ಲಾಪುರದ ನಾಕಾ ಹತ್ತಿರ ಲಾರಿ ಟಯರಿಗೆ ಪಂಕ್ಚರ್ ಹಾಕುವವನು. ಅಂಥ ಮನೆಯಲ್ಲಿ ಹುಟ್ಟಿ ದೇವಿಮನೆ ಘಟ್ಟದ ಮೂರನೇ ತಿರುವಿಗೇ ಕಿಟಕಿಯಾಚೆ ಕತ್ತು ಹಾಕುವವನನ್ನು ಇಟ್ಟುಕೊಂಡು ಏನು ಮಾಡುವುದು? ಹದಿನೆಂಟು ತುಂಬಿದ ಮೇಲೆ ಒಮ್ಮೆ ಕ್ಲೀನರ್ ಮಾಡಿ ಹತ್ತಿಸಿದರು. ಎಂಟನೇ ದಿನಕ್ಕೆ ದೊಡ್ಡಣ್ಣನೇ ಕೈಮುಗಿದು ಇಳಿಸಿದ. ‘ನೀನು ನೆಲ ಬಿಟ್ಟು ಮೇಲೆ ಹೋಗಬೇಡ ಮಾರಾಯ’ ಎಂದ.

ಹಾಗಾಗಿ ಮಕ್ಬೂಲ್ ನೆಲದ ಕೆಲಸಕ್ಕೇ ಸೇರಿದ. ಯಲ್ಲಾಪುರದ ಚನ್ನಯ್ಯ ದೇವಸ್ಥಾನದ ಗೋಪುರಗಳಿಗೆ ಸಿಮೆಂಟಿನ ಗೊಂಬೆ ಮಾಡುವ ಗಾರೆ ಕೆಲಸದವರು. ತೊಂಬತ್ತೊಂದರಲ್ಲಿ ಅವರ ಕೈಕೆಳಗೆ ಗಾರೆ ಕಲಸಲು ನಿಂತವನು ಆರು ವರ್ಷ ಅಲ್ಲೇ ಇದ್ದ. ಗೊಂಬೆ ಮಾತ್ರ ಅವನಿಗೆ ಕೊನೆಗೂ ಒಲಿಯಲಿಲ್ಲ. ಯಾವ ದೇವರ ಮುಖ ಮಾಡಿದರೂ ಅದು ಪಂಕ್ಚರ್ ಮಾವನ ಹಾಗೆ ಕಾಣುತ್ತಿತ್ತು. ಚನ್ನಯ್ಯ ನಕ್ಕು ಅಳಿಸಿ, ದೇವರ ಕಾಲಡಿಯ ಬಂಡೆ ಮಾಡಲು ಹಚ್ಚಿದರು. ಬಂಡೆ ಮಾಡುವುದರಲ್ಲಿ ಮಕ್ಬೂಲನನ್ನು ಮೀರಿಸುವವರೇ ಇರಲಿಲ್ಲ. ಸರಳು ಬಗ್ಗಿಸಿ ಹಂದರ ಕಟ್ಟಿ, ಅದರ ಮೇಲೆ ಕೋಳಿಗೂಡಿಗೆ ಹಾಕುವ ತಂತಿಬಲೆ ಸುತ್ತಿ, ಮೂರು ಪಾಲು ಮರಳಿಗೆ ಒಂದು ಪಾಲು ಸಿಮೆಂಟಿನ ಗಾರೆ ಎರಡು ಸಲ ಬಳಿದು, ಅದು ಅರ್ಧ ಬಿಗಿದಾಗ ಮುದ್ದೆ ಮಾಡಿದ ಪ್ಲಾಸ್ಟಿಕ್ ಚೀಲದಿಂದ ಒತ್ತಿ, ಕರಣೆಯ ತುದಿಯಿಂದ ಬಿರುಕು ಎಳೆದರೆ ಮುಗಿಯಿತು. ಎಮ್ಮೆ ಬಂದು ಮೈ ತಿಕ್ಕಬೇಕು, ಅಂಥ ಬಂಡೆ. ಒಳಗೆ ಮಾತ್ರ ಪೂರಾ ಟೊಳ್ಳು.

ಚನ್ನಯ್ಯ ಅವನಿಗೆ ಹೇಳಿಕೊಟ್ಟ ಒಂದೇ ಕಟ್ಟಳೆಯೆಂದರೆ, ಗೋಣಿ ಹೊದಿಸಿ ಹದಿನಾಲ್ಕು ದಿನ ನೀರುಣಿಸಿದ ಮೇಲೆ ಮೇಸ್ತ್ರಿ ಕಟ್ಟಿದ್ದರ ನೆತ್ತಿಯ ಮೇಲೆ ತಾನೇ ನಿಂತು ಮೂರು ಸಲ ಕುಪ್ಪಳಿಸಬೇಕು. ಆಮೇಲೇ ಮನೆಯವರಿಗೆ ಒಪ್ಪಿಸುವುದು. ಸಿರಸಿಯ ಹೋಟೆಲೊಂದರ ತೋಟದ ಜಲಪಾತಕ್ಕೂ, ಗಣಪತಿ ಮಂಟಪದ ಕೈಲಾಸಕ್ಕೂ ಮಕ್ಬೂಲ್ ಹೀಗೇ ಕುಪ್ಪಳಿಸಿದ್ದ. ಜನ ನೋಡಿ ನಗುತ್ತಿದ್ದರು. ಅವನೂ ನಗುತ್ತಿದ್ದ.

ಎರಡು ಸಾವಿರದ ಐದರ ದೀಪಾವಳಿ ಕಳೆದು ವಾರಕ್ಕೆ ಸಿದ್ದಾಪುರ ತಾಲೂಕಿನ ಮನ್ಮನೆಯಿಂದ ರಘುಪತಿ ಹೆಗಡೆಯವರು ಹುಡುಕಿಕೊಂಡು ಬಂದರು. ಜೊತೆಗೆ ಅವರ ತಂಗಿಯ ಮಗ ಸುಜಯ. ಹುಬ್ಬಳ್ಳಿಯ ಮೋಟಾರು ಅಂಗಡಿಯಲ್ಲಿ ಕೆಲಸ, ಮೂವತ್ತು ದಾಟಿದ ಗಂಡಸು, ಕೈಯಲ್ಲೊಂದು ಆಟದ ಜೀಪು.

‘ಇದು ಓಡೋ ಗಾಡಿ ಅಲ್ಲ ಮೇಸ್ತ್ರಿ, ಹತ್ತೋ ಗಾಡಿ’ ಎಂದು ಸುಜಯ ರಿಮೋಟು ಒತ್ತಿದ. ಎರಡು ಕಿಲೋ ತೂಗುವ ಜೀಪು ಒಂದೊಂದೇ ಚಕ್ರ ಎತ್ತಿಡುತ್ತ ಮಕ್ಬೂಲನ ಮನೆ ಮೆಟ್ಟಿಲು ಹತ್ತಿ ಒಳಗೇ ಬಂತು. ಅವನ ಹೆಂಡತಿ ಕುಲ್ಸುಮ್ ಪಾತ್ರೆ ಬಿಟ್ಟು ಓಡಿದಳು. ಇದಕ್ಕೆ ಬಂಡೆ ಹತ್ತಿಸುವ ಆಟ ಪರದೇಶದಲ್ಲಿದೆ, ಅದಕ್ಕಾಗಿ ಬಂಡೆಗಳ ಹಾದಿಯನ್ನೇ ಕಟ್ಟುತ್ತಾರೆ, ಅಂಥದೊಂದು ಮನ್ಮನೆಯಲ್ಲಿ ಆಗಬೇಕು ಎಂದ ಸುಜಯ.

‘ಯಾರಿಗೆ? ನಿಮಗಾ?’

ಸುಜಯ ಮಾವನ ಮುಖ ನೋಡಿದ. ಹೆಗಡೆಯವರು ನೆಲ ನೋಡುತ್ತ ಹೇಳಿದರು: ‘ನಮ್ಮ ಚೌಡನಿಗೆ.’

ಚೌಡ ಮನ್ಮನೆ, ಹೇರೂರು ಸುತ್ತಿನಲ್ಲೆಲ್ಲ ಹೆಸರಾದ ಕೊನೆಗೌಡ. ಅಡಿಕೆ ಮರ ಹತ್ತಿ ಕೊನೆ ಇಳಿಸುವುದು, ಮಳೆಗಾಲಕ್ಕೆ ಮುಂಚೆ ಕೊಳೆರೋಗದ ಔಷಧ ಹೊಡೆಯುವುದು ಅವನ ಕೆಲಸ. ಒಂದು ಮರದ ತುದಿಯಿಂದ ಇನ್ನೊಂದರ ತುದಿಗೆ ಬಗ್ಗಿ ದಾಟಿದರೆ ಮಧ್ಯಾಹ್ನದವರೆಗೂ ನೆಲ ಮುಟ್ಟುತ್ತಿರಲಿಲ್ಲ. ತೊಂಬತ್ತೆಂಟರ ಕೊಯ್ಲಿನಲ್ಲಿ ಹೆಗಡೆಯವರ ತೋಟದ ಮರವೊಂದು ನಡುವೆ ಮುರಿದು ಚೌಡ ಕೆಳಗೆ ಬಿದ್ದ. ಸೊಂಟದ ಕೆಳಗೆ ಜೀವ ಹೋಯಿತು. ಆ ಮರ ಒಳಗೊಳಗೇ ಪೊಳ್ಳಾಗಿತ್ತು. ಅಂಥ ಮರಕ್ಕೆ ಬಾಳೆನಾರು ಕಟ್ಟಿ ಗುರುತು ಮಾಡುವುದು ತೋಟದ ಯಜಮಾನನ ಪಾಲಿನ ಕೆಲಸ. ಹೆಗಡೆಯವರು ಪೊಳ್ಳು ಕಂಡಿದ್ದರು. ನಾಳೆ ಕಟ್ಟಿದರಾಯಿತು ಎಂದುಕೊಂಡಿದ್ದರು, ಚೌಡನಿಗೂ ಹೇಳಿರಲಿಲ್ಲ. ಇದು ಊರಿಗೆಲ್ಲ, ಸಿರಸಿಯವರೆಗೂ ಗೊತ್ತು. ಅಂದಿನಿಂದ ಅವರು ಚೌಡನ ಮನೆಗೆ ಅಕ್ಕಿ ತಪ್ಪಿಸಿದವರಲ್ಲ, ಗಾಲಿಕುರ್ಚಿ ತರಿಸಿಕೊಟ್ಟವರೂ ಅವರೇ.

ಆ ದೀಪಾವಳಿಯಲ್ಲಿ ಚೌಡನನ್ನು ಹೆಗಡೆಯವರ ಮನೆಗೆ ಊಟಕ್ಕೆ ಕರೆತಂದಿದ್ದರಂತೆ. ಸುಜಯನ ಜೀಪು ಅಂಗಳದ ಕಲ್ಲು ಹತ್ತುವುದನ್ನು ನೋಡಿದ ಚೌಡ ರಿಮೋಟು ಕೇಳಿ ಇಸಿದುಕೊಂಡ. ಬ್ಯಾಟರಿ ಮುಗಿಯುವವರೆಗೂ ಬಿಡಲಿಲ್ಲ. ಏಳು ವರ್ಷದಲ್ಲಿ ಅವನು ಗಟ್ಟಿಯಾಗಿ ನಕ್ಕದ್ದು ಅವತ್ತೇ ಎಂದರು ಹೆಗಡೆ.

ಮನೆಗೆ ಬಂದವರಿಗೆ ಮಕ್ಬೂಲ್ ಚಹಾ ಕೊಟ್ಟು ಕಳಿಸಿದ. ಆಮೇಲೆ ಕುಲ್ಸುಮಳೆದುರು ಕೂಗಾಡಿದ. ‘ಒಂದು ಮಾತು ಹೇಳೋದಕ್ಕೆ ಆ ಮನುಷ್ಯನ ನಾಲಿಗೆಗೆ ಏನಾಗಿತ್ತು? ಈಗ ಬಂಡೆ ಕಟ್ಟಿಸ್ತಾರಂತೆ!’ ಕೆಲಸ ಮಾತ್ರ ಒಪ್ಪಿಕೊಂಡ.

ಚೌಡನ ಮನೆ ಗುಡ್ಡದ ಬದಿಗೆ, ಎದುರಿಗೆ ಮಣ್ಣು ತುಂಬಿ ಮಾಡಿದ ಸಣ್ಣ ಅಂಗಳ. ನಿಜವಾದ ಬಂಡೆ ತಂದು ಹಾಕಿದರೆ ಅಂಗಳವೇ ಜರಿದು ಕೆಳಗಿನ ಗದ್ದೆಗೆ ಹೋಗುತ್ತಿತ್ತು. ಮೇಲಾಗಿ ಜೀಪಿನ ಅಳತೆಗೆ ಹಾದಿ ಬೇಕು: ಚಕ್ರಕ್ಕಿಂತ ಎರಡು ಬೆರಳು ಎತ್ತರದ ಮೆಟ್ಟಿಲು, ಪಕ್ಕಕ್ಕೆ ವಾಲಿಸುವ ಇಳಿಜಾರು, ಒಂದು ಗಾಲಿ ಸಿಕ್ಕಿಕೊಳ್ಳುವಷ್ಟೇ ಅಗಲದ ಸೀಳು. ಸುಜಯ ಕೊಟ್ಟ ಫೋಟೋಗಳನ್ನು ಮಕ್ಬೂಲ್ ಗೋಡೆಗೆ ಅಂಟಿಸಿಕೊಂಡು ಜನವರಿಯಲ್ಲಿ ಕೆಲಸ ಹಿಡಿದ. ಚೌಡನ ಜಗಲಿಯ ಮೂಲೆಯಲ್ಲೇ ಅವನ ಹಾಸಿಗೆ. ಚೌಡ ಬೆಳಿಗ್ಗೆಯಿಂದ ಸಂಜೆವರೆಗೆ ಗಾಲಿಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುತ್ತಿದ್ದ.

‘ಅಲ್ಲಿ ಇನ್ನೊಂಚೂರು ಕಷ್ಟ ಮಾಡಿ ಸಾಬ್ರೇ. ಸುಮ್ನೆ ಹತ್ತಿ ಹೋದ್ರೆ ಎಂತ ಮಜಾ?’

‘ಬೀಳ್ತದಲ್ಲ ಚೌಡಣ್ಣ.’

‘ಬೀಳ್ಲಿ. ಅದ್ಕೆ ಎಂತ, ಸೊಂಟ ಮುರೀತದಾ?’ ಎಂದು ಚೌಡ ತಾನೇ ನಗುತ್ತಿದ್ದ. ಅವನ ಹೆಂಡತಿ ಪಾರ್ವತವ್ವ ಒಳಗಿನಿಂದ ಗದರುತ್ತಿದ್ದಳು. ಎಲುಬು ಕಾಣುವ ಮೈಯ ಗಟ್ಟಿಗಿತ್ತಿ ಆಕೆ. ಎರಡು ತಾಸಿಗೊಮ್ಮೆ ಗಂಡನನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಬೆನ್ನಿಗೆ ಎಣ್ಣೆ ಹಚ್ಚುವುದು, ಎತ್ತಿ ಕುರ್ಚಿಗೆ ಹಾಕುವುದು ಎಲ್ಲ ಅವಳೊಬ್ಬಳೇ. ಏಳು ವರ್ಷದಲ್ಲಿ ಅವನ ಬೆನ್ನಿಗೆ ಒಂದೂ ಹುಣ್ಣು ಬೀಳಲು ಬಿಟ್ಟಿರಲಿಲ್ಲ. ಆಸ್ಪತ್ರೆಯವರೇ ಇದನ್ನು ನೋಡಿ ಬೆರಗಾಗಿದ್ದರು.

ಫೆಬ್ರುವರಿ ಮುಗಿಯುವ ಹೊತ್ತಿಗೆ ಆಳೆತ್ತರದ ಬಂಡೆಗಳ ಸಾಲು ಎದ್ದು ನಿಂತಿತ್ತು. ಮಕ್ಬೂಲ್ ನೆತ್ತಿಗೆ ಹತ್ತಿ ಮೂರು ಸಲ ಕುಪ್ಪಳಿಸಿದ. ‘ನೀವಿರೋವರೆಗೂ ಇದಕ್ಕೆ ಎಂತದೂ ಆಗೋದಿಲ್ಲ ಚೌಡಣ್ಣ’ ಎಂದ. ಅದು ಅವನು ಎಲ್ಲರಿಗೂ ಹೇಳುವ ಮಾತೇ. ಆದರೆ ಚೌಡ ಅದನ್ನು ಎದೆಗೆ ಹಾಕಿಕೊಂಡ. ಸುಜಯ ಬಿಟ್ಟುಹೋದ ಜೀಪು ಜಗಲಿಯಿಂದ ಹೊರಟು, ಸೀಳು ದಾಟಿ, ವಾಲಿ, ಜಾರಿ, ಮತ್ತೆ ಹತ್ತಿ ತುದಿಯಲ್ಲಿ ನಿಂತಾಗ ಅವನ ಕತ್ತಿನ ನರಗಳೆಲ್ಲ ಬಿಗಿದಿದ್ದವು, ತಾನೇ ಹತ್ತಿದವನಂತೆ ಏದುಸಿರು ಬಿಟ್ಟ. ಮಕ್ಬೂಲನಿಗೆ ಕಣ್ಣು ತುಂಬಿ ಬಂತು. ಗೋಪುರದ ಕಾಲಡಿಯ ಬಂಡೆಗಳನ್ನು ಯಾರು ನೋಡಿದ್ದಾರೆ? ತನ್ನ ಕೈಯ ಕೆಲಸ ಒಬ್ಬ ಮನುಷ್ಯನಿಗೆ ಉಪಯೋಗಕ್ಕೆ ಬಂದದ್ದು ಇದೇ ಮೊದಲು ಎಂದು ಅವನಿಗನ್ನಿಸಿತು.

ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಬಂಡೆಗೆ ಹಾವಸೆ ಹಿಡಿಯಿತು. ಸಿರಸಿ ಸೀಮೆಯ ಮಳೆಗೆ ಹಾವಸೆ ಹಿಡಿಯದ ವಸ್ತು ಯಾವುದಿದೆ? ಜೀಪಿನ ಚಕ್ರ ಸುಮ್ಮನೆ ತಿರುಗುತ್ತ ಕೆಳಕ್ಕೆ ಜಾರತೊಡಗಿತು. ಮಕ್ಬೂಲ್ ಬಂದು ತಂತಿ ಬ್ರಶ್ಶಿನಿಂದ ತಿಕ್ಕಿದರೆ ಹದಿನೈದು ದಿನಕ್ಕೆ ಮತ್ತೆ ಹಸಿರು. ಆಗ ಉಪಾಯ ಹೇಳಿದವನು ಚೌಡನೇ.

‘ಮೈಲುತುತ್ತ ಹೊಡೀರಿ. ಮರದ ಮೇಲಿನ ಕೊಳೆನೇ ಸಾಯ್ತದೆ, ಇದೆಂತ ಹಾವಸೆ.’

‘ಸುಣ್ಣ ಎಷ್ಟು ಹಾಕೋದು?’

‘ಸುಣ್ಣ ಬ್ಯಾಡ. ಸುಣ್ಣ ಹಾಕಿದ್ರೆ ಬಂಡೆ ಬೆಳ್ಳಗಾಗಿ ಹಿತ್ಲಗೋಡೆ ಕಂಡಂಗೆ ಕಾಣ್ತದೆ. ಬರೀ ತುತ್ತ ಹೊಡೀರಿ, ಕಪ್ಪಗೆ ಚಂದ ಇರ್ಲಿ.’

ತೋಟದ ಕೆಲಸ ಬಲ್ಲವರಿಗೆಲ್ಲ ಇದು ಗೊತ್ತು: ಮೈಲುತುತ್ತದ ನೀರಿಗೆ ಸುಣ್ಣ ಸಾಕಷ್ಟು ಸೇರಿತೋ ಇಲ್ಲವೋ ಎಂದು ನೋಡಲು ಅದರಲ್ಲಿ ಕತ್ತಿಯ ಅಲಗು ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಆ ನೀರು ಕಬ್ಬಿಣವನ್ನು ತಿನ್ನುತ್ತದೆ. ಚೌಡ ಆಯುಷ್ಯವಿಡೀ ಅಲಗು ಅದ್ದಿ ನೋಡಿದವನು. ಆದರೆ ಅವನ ಕಣ್ಣಿಗೆ ಅದು ಈಗ ಕಲ್ಲು. ಕಲ್ಲನ್ನು ತುತ್ತ ಏನು ತಿಂದೀತು? ಒಳಗೆ ತಂತಿಬಲೆ ಇದೆ, ಗಾರೆ ಒಂದೂವರೆ ಇಂಚಷ್ಟೇ ಎಂಬುದು ನೆನಪಿರಬೇಕಾದವನು ಮಕ್ಬೂಲ್. ಅವನಿಗೆ ನೆನಪೂ ಆಯಿತು. ಮಾತು ತುಟಿಗೆ ಬಂದಿತ್ತು. ಅಷ್ಟರಲ್ಲಿ ಚೌಡ, ಎಂಟು ವರ್ಷದ ನಂತರ ತನ್ನ ಕಸುಬಿನ ಬುದ್ಧಿಯೊಂದು ಇನ್ನೊಬ್ಬರಿಗೆ ಬೇಕಾಯಿತಲ್ಲ ಎಂಬ ಖುಷಿಯಲ್ಲಿ ಪಾರ್ವತವ್ವನನ್ನು ಕೂಗಿ ಪಿಚಕಾರಿ ಪಂಪು ತರಿಸುತ್ತಿದ್ದ. ಸಿಮೆಂಟು ಇದೆಯಲ್ಲ ಮೇಲೆ, ನಡೆಯುತ್ತದೆ ಎಂದುಕೊಂಡು ಮಕ್ಬೂಲ್ ಸುಮ್ಮನಾದ.

ಹಾವಸೆ ಸತ್ತೇ ಹೋಯಿತು. ಮಳೆಗೆ ಮುಂಚೆ ಒಮ್ಮೆ, ಮಳೆ ಕಳೆದ ಮೇಲೊಮ್ಮೆ ಮಕ್ಬೂಲ್ ಬಂದು ತುತ್ತ ಹೊಡೆದು ಹೋಗುವುದು ವಾಡಿಕೆಯಾಯಿತು. ಬಂದವನು ಎರಡು ದಿನ ನಿಲ್ಲುತ್ತಿದ್ದ. ಚೌಡ ಅವನಿಗೂ ರಿಮೋಟು ಹಿಡಿಯಲು ಕಲಿಸಿದ. ‘ಲಾರಿ ಸಾಬ್ರ ಮಗ ಕಡಿಗೂ ಡ್ರೈವರ್ ಆದ್ರು ನೋಡಿ’ ಎಂದು ಬಂದುಹೋದವರಿಗೆಲ್ಲ ಹೇಳುತ್ತಿದ್ದ. ಅಣ್ಣಂದಿರ ನಡುವೆ ನಗೆಪಾಟಲಾಗಿ ಬೆಳೆದ ಮಕ್ಬೂಲನಿಗೆ ಈ ತಮಾಷೆ ಮಾತ್ರ ಹಿತವಾಗಿತ್ತು.

ಎರಡು ಸಾವಿರದ ಎಂಟರ ಜನವರಿಯಲ್ಲಿ ದೊಡ್ಡ ಬಂಡೆಯ ಹಿಂಬದಿಯಲ್ಲಿ, ಜಗಲಿಗೆ ಕಾಣದ ಕಡೆ, ಕೂದಲೆಳೆ ಬಿರುಕುಗಳಿಂದ ಕಂದು ನೀರು ಇಳಿದ ಗುರುತು ಕಂಡಿತು. ಮಕ್ಬೂಲ್ ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಸದ್ದು ಸತ್ತಿತ್ತು. ಸಣ್ಣ ಚಕ್ಕೆ ಎಬ್ಬಿಸಿದರೆ ಒಳಗಿನ ಬಲೆ ಬೆರಳಲ್ಲಿ ಪುಡಿಯಾಗಿ ಬಂತು.

ಅವನು ಆ ಬಿರುಕಿಗೆ ಸಿಮೆಂಟು ಹಾಲು ತುಂಬಿ, ಮೇಲೆ ಕಪ್ಪು ಬಣ್ಣ ಬಳಿದು, ಏನೂ ಆಗದವನಂತೆ ಜಗಲಿಗೆ ಬಂದು ಕೂತ.

‘ಎಂತ ಕೈ ಸಾಬ್ರೇ ನಿಮ್ದು. ಇದು ಕಲ್ಲಲ್ಲ ಅಂತ ಗುರ್ತೇ ಸಿಕ್ಕಲ್ಲ’ ಎಂದ ಚೌಡ.

ಹೇಳಬಹುದಿತ್ತು. ಹೇಳದ್ದಕ್ಕೆ ಅವನಲ್ಲಿ ಕಾರಣಗಳಿಗೇನೂ ಬರವಿರಲಿಲ್ಲ. ಹೇಳಿದರೆ ಸುಣ್ಣ ಬೇಡವೆಂದ ಚೌಡನ ಮೇಲೇ ತಪ್ಪು ಹೊರಿಸಿದಂತಾಗುತ್ತದೆ. ಬಂಡೆ ಒಡೆದು ಮತ್ತೆ ಕಟ್ಟುವವರೆಗೆ ಆ ಮನುಷ್ಯ ಬರೀ ಅಂಗಳ ನೋಡುತ್ತ ಕೂರಬೇಕು. ಎರಡು ಕಿಲೋ ಜೀಪಿಗೆ ಏನು, ಇನ್ನೂ ಎರಡು ವರ್ಷ ತಡೆಯುತ್ತದೆ. ಜೀಪು ಮಗುಚಿ ಬಿದ್ದರೆ ಪಾರ್ವತವ್ವ ಕೆಳಗೆ ನಿಂತೇ ದೋಟಿಯಿಂದ ಎಳೆದುಕೊಳ್ಳುತ್ತಾಳೆ, ಬಂಡೆ ಹತ್ತುವವರು ಯಾರೂ ಇಲ್ಲ. ಎಲ್ಲಕ್ಕಿಂತ ಕೆಳಗೆ ಇನ್ನೊಂದು ಕಾರಣವಿತ್ತು. ನೀವಿರೋವರೆಗೂ ಎಂದು ಬಾಯಿಬಿಟ್ಟು ಹೇಳಿದ್ದನಲ್ಲ, ಆ ಮಾತು ತಪ್ಪಿತೆಂದು ಒಪ್ಪಿಕೊಳ್ಳಲು ಅವನಿಗೆ ನಾಚಿಕೆಯಾಗುತ್ತಿತ್ತು. ಸೊಂಟ ಮುರಿದವರು ಬಹಳ ವರ್ಷ ಬದುಕುವುದಿಲ್ಲವಂತೆ ಎಂದು ಯಾರೋ ಹೇಳಿದ್ದು ಒಂದು ದಿನ ಬಸ್ಸಿನಲ್ಲಿ ನೆನಪಾಗಿ, ಹಾಗಾದರೆ ಅಲ್ಲಿಯವರೆಗೆ ಬಂಡೆ ತಡೆದೀತು ಎಂದು ಲೆಕ್ಕ ಹಾಕಿದ. ಹಾಕಿದ ಮೇಲೆ ತಾನು ಹಾಕಿದ ಲೆಕ್ಕ ಯಾವುದೆಂದು ತಿಳಿಯಿತು. ಅವತ್ತು ತಿರುವಿಲ್ಲದ ರಸ್ತೆಯಲ್ಲೂ ವಾಂತಿ ಮಾಡಿಕೊಂಡ.

ಕುಲ್ಸುಮಳಿಗೆ ಮಾತ್ರ ಎಲ್ಲ ಹೇಳಿದ. ಅವಳು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. ‘ಆ ಹೆಗಡೇರ ನಾಲಿಗೆಗೆ ಏನಾಗಿತ್ತು ಅಂತ ಕೇಳಿದ್ರಲ್ಲ, ಈಗ ನಿಮ್ಮ ನಾಲಿಗೆಗೆ ಏನಾಗಿದೆ?’ ಎಂದಳು. ಅವನಿಗೆ ಸಿಟ್ಟು ಬಂತು. ಮಳೆ ಕಳೆಯಲಿ, ಹೋಗಿ ಹೇಳುತ್ತೇನೆ ಎಂದ. ಮಳೆ ಕಳೆದ ಮೇಲೆ ದೀಪಾವಳಿ ಕಳೆಯಲಿ ಎಂದ.

ನವೆಂಬರ್ ಮೂರನೇ ವಾರ ಹೆಗಡೆಯವರ ಫೋನು ಬಂತು.

ಜೀಪು ದೊಡ್ಡ ಬಂಡೆಯ ನೆತ್ತಿಯ ಸೀಳಿನಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತ್ತು. ದೋಟಿಯಿಂದ ಎಳೆದರೂ ಬರಲಿಲ್ಲ. ಪಾರ್ವತವ್ವ ಸೀರೆ ಎತ್ತಿ ಕಟ್ಟಿ ಬಂಡೆ ಹತ್ತಿದಳು. ನೆತ್ತಿಗೆ ಕಾಲಿಟ್ಟದ್ದೇ ಬಂಡೆ ಬಾಯಿಬಿಟ್ಟು ಅವಳನ್ನು ಒಳಗೆ ತೆಗೆದುಕೊಂಡಿತು. ಸೊಂಟದ ಚಪ್ಪೆಮೂಳೆ ಮುರಿಯಿತು. ಮೂರೇ ಮಾರು ಆಚೆ ಜಗಲಿಯಲ್ಲಿ ಚೌಡ ರಿಮೋಟು ಹಿಡಿದು ಕೂತಿದ್ದ. ಎದ್ದು ಹೋಗುವ ಹಾಗಿಲ್ಲ. ಕುರ್ಚಿ ಇಳಿಸೋಣವೆಂದರೆ ಜಗಲಿಗೆ ಮೆಟ್ಟಿಲು. ಹೆಂಡತಿ ಒಳಗಿನಿಂದ ನರಳುತ್ತಿದ್ದಳು, ಇವನು ಹೊರಗಿನಿಂದ ಕೂಗುತ್ತಿದ್ದ. ತೋಟದ ಕೆಲಸಕ್ಕೆ ಬಂದವರಿಗೆ ಆ ಕೂಗು ಕೇಳಿಸುವಾಗ ಮುಕ್ಕಾಲು ತಾಸು ಕಳೆದಿತ್ತು.

ಮಕ್ಬೂಲ್ ಮನ್ಮನೆ ಮುಟ್ಟುವಷ್ಟರಲ್ಲಿ ಪಾರ್ವತವ್ವನನ್ನು ಆಸ್ಪತ್ರೆಗೆ ಒಯ್ದಿದ್ದರು. ಹೇರೂರಿಗೆ ಮದುವೆ ಮಾಡಿಕೊಟ್ಟ ಮಗಳು ತಾಯಿಯ ಜೊತೆ ಹೋಗಿದ್ದಳು. ಚೌಡನನ್ನು ನೋಡಿಕೊಳ್ಳಲು ನೆರೆಯವರು ಸರದಿ ಹಾಕಿಕೊಂಡಿದ್ದರು. ಮಕ್ಬೂಲ್ ಸರದಿಯೆಲ್ಲ ನನಗೇ ಇರಲಿ ಎಂದು ಅಲ್ಲೇ ನಿಂತ. ಮೊದಲ ದಿನವೇ ಚೌಡನ ಬೆನ್ನಿಗೆ ಎಣ್ಣೆ ಹಚ್ಚುತ್ತ, ಮುಖ ಕಾಣದ ಧೈರ್ಯದಲ್ಲಿ, ಎಲ್ಲವನ್ನೂ ಹೇಳಿಬಿಟ್ಟ. ಜನವರಿಯಲ್ಲೇ ಕಂಡಿದ್ದೆ. ಬಲೆ ಪುಡಿಯಾಗಿತ್ತು. ಬಣ್ಣ ಬಳಿದು ಮುಚ್ಚಿದೆ.

ಮಗ್ಗುಲು ಬದಲಿಸಿದಾಗಲೂ ಚೌಡನ ಕಣ್ಣು ಗೋಡೆಯ ಕಡೆಗೇ ಇತ್ತು. ಬೈದಿದ್ದರೆ, ಹೊರಗೆ ಹೋಗು ಎಂದಿದ್ದರೆ ಮಕ್ಬೂಲನಿಗೆ ಎಷ್ಟೋ ಹಗುರಾಗುತ್ತಿತ್ತು. ಗಂಜಿ ಕುಡಿಸಿದರೆ ಚೌಡ ಕುಡಿದ, ತಿರುಗಿಸಿದರೆ ತಿರುಗಿದ. ನೆರೆಯವರು ಬಂದರೆ ಅವರೊಡನೆ ಒಂದೆರಡು ಮಾತಾಡುತ್ತಿದ್ದ. ಮಕ್ಬೂಲನೊಡನೆ ಒಂದಕ್ಷರವಿಲ್ಲ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದನ್ನು ಮಕ್ಬೂಲ್ ಒಮ್ಮೆಯೂ ತಪ್ಪಿಸಲಿಲ್ಲ. ಆದರೂ ಪಾರ್ವತವ್ವನ ಕೈಗೆ ಗೊತ್ತಿದ್ದುದೇನೋ ಇವನ ಕೈಗೆ ಗೊತ್ತಿರಲಿಲ್ಲ. ಒಂಬತ್ತನೆಯ ದಿನ ಸೊಂಟದ ಕೆಳಗೆ ಚರ್ಮ ಕೆಂಪಾಯಿತು, ಆಮೇಲೆ ಒಡೆಯಿತು, ಆಮೇಲೆ ಜ್ವರ. ಡಾಕ್ಟರು ಬಂದರು, ಸೂಜಿ ಕೊಟ್ಟರು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಮಗ್ಗುಲು ಬದಲಿಸಲು ಹೋದಾಗ ಮೈ ತಣ್ಣಗಿತ್ತು.

ಪಾರ್ವತವ್ವ ಕೋಲು ಊರಿಕೊಂಡು ಮನೆಗೆ ಬಂದದ್ದು ಜನವರಿಯಲ್ಲಿ. ಆ ಹೊತ್ತಿಗೆ ಮಕ್ಬೂಲ್ ಸುತ್ತಿಗೆ ಹಿಡಿದು ಬಂಡೆಗಳನ್ನು ಒಡೆದು ಚೂರುಗಳನ್ನು ಬುಟ್ಟಿಯಲ್ಲಿ ಹೊತ್ತು ಹಾಕುತ್ತಿದ್ದ. ಅವಳು ಗಂಡ ಕೂರುತ್ತಿದ್ದ ಜಾಗದಲ್ಲಿ ಕೂತಳು. ಬಹಳ ಹೊತ್ತು ಅವನ ಕೆಲಸ ನೋಡಿದಳು. ಕೊನೆಗೆ ಕರೆದಳು.

‘ಸಾಬ್ರೇ, ಕಡೀ ದಿನ ನೀವೇ ಹತ್ರ ಇದ್ರಂತೆ. ಎಂತಾದ್ರೂ ಹೇಳಿದ್ರಾ ಅವ್ರು?’

ಚಂದದ ಒಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ನಿಮ್ಮನ್ನೇ ಕೇಳ್ತಿದ್ರು ಅಕ್ಕ ಎಂದಿದ್ದರೆ ಸಾಕಿತ್ತು, ಆ ಹೆಂಗಸು ಅದನ್ನು ಸಾಯುವವರೆಗೂ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಮಕ್ಬೂಲ್ ಬುಟ್ಟಿ ಇಳಿಸಿದ.

‘ನನ್ನ ಹತ್ರ ಮಾತು ಬಿಟ್ಟಿದ್ರು ಅಕ್ಕ. ಬಂಡೆ ಒಳಗೆ ಹಾಳಾಗಿದ್ದು ನನಗೆ ಮೊದಲೇ ಗೊತ್ತಿತ್ತು. ಹೇಳಿರ್ಲಿಲ್ಲ. ಅದನ್ನ ಅವರಿಗೆ ಹೇಳಿದ ಮೇಲೆ ಮಾತು ಬಿಟ್ರು.’

ಪಾರ್ವತವ್ವ ಕೋಲನ್ನು ನೆಲಕ್ಕೆ ಒತ್ತುತ್ತ ಕೂತಿದ್ದಳು. ಅವಳ ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ಅವನು ಕಾದ. ಬರಲಿಲ್ಲ.

‘ನಂಗೆ ಹತ್ತೂಕೆ ಹೆದ್ರಿಕೆ ಆಗಿತ್ತು’ ಎಂದಳು. ‘ಹೆಗಡೇರ ಮನೆ ಆಳು ಬಂದ್ಮೇಲೆ ತೆಗ್ಸೂಣ, ಬ್ಯಾಡ ಅಂದೆ. ನಮ್ಮನೆಯವ್ರೇ ಹೇಳಿದ್ದು: ಸಾಬ್ರು ಮೂರ್ ಸಲ ಕುಣ್ದು ಕೊಟ್ಟಿದ್ದಲ್ವನೆ, ಎಂತ ಆಗಲ್ಲ, ಹತ್ತು ಅಂತ.’

ಇಷ್ಟು ಹೇಳಿ ಅವಳು ಕೋಲೂರಿ ಎದ್ದು ಒಳಗೆ ಹೋದಳು. ಮಕ್ಬೂಲ್ ಉಳಿದ ಚೂರುಗಳನ್ನು ಬುಟ್ಟಿಗೆ ತುಂಬತೊಡಗಿದ. ಸಂಜೆ ಬಸ್ಸಿಗೆ ಇನ್ನೂ ಮೂರು ತಾಸಿತ್ತು. ಒಳಗಿನಿಂದ ಯಾರೂ ಅವನನ್ನು ಚಹಾಕ್ಕೆ ಕರೆಯಲಿಲ್ಲ.